ಸೊಕ್ಕಿನವರ ಮನಿ

ಯಲಬುರ್ಗಾದ ಬಜಾರದಲ್ಲಿ ಜವಳಿ ಅಂದಪ್ಪನಿಗೆ ಎರಡು ಹೆಸರಿದ್ದವು. ಎದುರಿಗೆ ಸಾವಕಾರ್ರು, ಬೆನ್ನ ಹಿಂದೆ ಸೊಕ್ಕಿನ ಅಂದಪ್ಪ. ನೇರ ಮುಂದೆ ನಿಂತು ನಮಸ್ಕಾರ ಅಂದವರಿಗೆ ನಗುತ್ತಲೇ ನಮಸ್ಕಾರ ಹೇಳುವ ಮನುಷ್ಯ, ಪಕ್ಕದಿಂದ ಯಾರಾದರೂ ಕೈ ಎತ್ತಿದರೆ ಕುತ್ತಿಗೆ ಹೊರಳಿಸುತ್ತಿರಲಿಲ್ಲ. ದೀಪಾವಳಿಯ ಹೊತ್ತಿಗೆ ಉಳಿದ ಜವಳಿ ಅಂಗಡಿಗಳವರು ಊಟ ಮರೆತು ಸೀರೆ ಬಿಚ್ಚಿ ತೋರಿಸುತ್ತಿದ್ದರೆ, ಈತ ಮಾತ್ರ ಹೊತ್ತು ಮುಳುಗುವ ಮೊದಲೇ ಶಟರ್ ಎಳೆದು ಮನೆ ಸೇರುತ್ತಿದ್ದ. "ಬೇಕಾದವ್ರು ಮುಂಜಾನಿ ಬರ್ತಾರ" ಅನ್ನುವುದೊಂದೇ ಮಾತು. ಸಂಜೆಯ ಮದುವೆ, ಆರತಕ್ಷತೆಗಳಿಗೆ ಕಾಲಿಡುತ್ತಿರಲಿಲ್ಲ. ಕಾಲಿಟ್ಟರೂ ಒಂದು ಗೋಡೆಗೆ ಬೆನ್ನು ಹಚ್ಚಿ ಕೂತರೆ ಎದ್ದು ನಾಲ್ಕು ಮಂದಿಯನ್ನು ಮಾತಾಡಿಸುವ ರೂಢಿ ಇಲ್ಲ.

ಹೆಂಡತಿ ಮುದುಕಮ್ಮನ ಅರ್ಧ ಆಯುಷ್ಯ ಈ ಸೊಕ್ಕಿಗೆ ತೇಪೆ ಹಚ್ಚುವುದರಲ್ಲೇ ಹೋಗಿತ್ತು. "ಅವ್ರ ಸ್ವಭಾವನ ಹಂಗ್ರಿ, ಮನಸಿನ್ಯಾಗ ಏನೂ ಇಲ್ಲ" ಎಂದು ಆಕೆ ಎಷ್ಟು ಮಂದಿಯ ಮುಂದೆ ಹೇಳಿದ್ದಳೋ. ಆದರೆ ಒಂದು ಕಡೆ ಮಾತ್ರ ಆ ತೇಪೆ ನಿಲ್ಲಲಿಲ್ಲ. ಗಂಗಾವತಿಯಲ್ಲಿ ಆಕೆಯ ತಮ್ಮ ಮರಿಸ್ವಾಮಿಯ ಮದುವೆ. ಅಕ್ಕನ ಗಂಡ ಎಂಬ ಗೌರವದಿಂದ ಮದುಮಗನೇ ಉಡುಗೊರೆಯ ಆಯೇರಿ ಬಟ್ಟೆಯ ತಟ್ಟೆ ಹಿಡಿದು ಎರಡೂ ಕೈ ಚಾಚಿ ನಿಂತ. ಅಂದಪ್ಪ ಅವನ ಪಕ್ಕದಿಂದಲೇ, ಮುಖ ಸಹ ನೋಡದೆ ದಾಟಿ ಹೋಗಿಬಿಟ್ಟ. ಚಪ್ಪರದ ತುಂಬ ಮಂದಿ ನೋಡಿದರು. ಅಂದಿನಿಂದ ಮರಿಸ್ವಾಮಿ ಯಲಬುರ್ಗಾದ ಹೊಸ್ತಿಲು ತುಳಿದಿರಲಿಲ್ಲ. ಅಕ್ಕನ ಜೊತೆ ಫೋನಿನಲ್ಲಿ ಮಾತು, ಮಾವನ ಹೆಸರು ಬಂದರೆ ಫೋನು ಬಂದ್.

ಇದ್ದೊಬ್ಬ ಮಗಳು ಐಶ್ವರ್ಯ. ಗಣಿತದಲ್ಲಿ ಎಂ.ಎಸ್ಸಿ., ಬಿ.ಎಡ್. ಮುಗಿಸಿ, ಕುಷ್ಟಗಿ ದಾರಿಯಲ್ಲಿರುವ ಒಂದು ಹಳ್ಳಿಯ ಹೈಸ್ಕೂಲಿಗೆ ಮಾಸ್ತರಿಣಿ ಆಗಿದ್ದಳು. ಸ್ಕೂಟಿ ಮೇಲೆ ಹೋಗುವುದು, ಸ್ಕೂಟಿ ಮೇಲೆ ಬರುವುದು. ಒಂದೆರಡು ವರ್ಷದಿಂದ ಆಕೆಯ ಬಗ್ಗೆಯೂ ಮಾತು ಶುರುವಾಗಿತ್ತು. "ಮುದುಕಮ್ಮ, ನಿಮ್ಮ ಮಗಳು ಓಣ್ಯಾಗ ಎದುರಾದ್ರೂ ಮಾತಾಡ್ಸೂದಿಲ್ಲ ನೋಡು. ಅಪ್ಪನ ಸೊಕ್ಕು ಅಷ್ಟೂ ಬಂದೈತಿ" ಎಂದು ಬಾಜೂ ಮನೆಯ ಕರಿಯವ್ವ ನಗುನಗುತ್ತಲೇ ಚುಚ್ಚಿದ್ದಳು. ಮುದುಕಮ್ಮ ಮಗಳಿಗೆ ಬೈದಳು. ಮಗಳು, "ಯಾರು ಎದುರಾಗಿದ್ರು? ನಾ ನೋಡೇ ಇಲ್ಲಬೇ" ಅಂದಳು. ಸೊಕ್ಕಿನ ಮೇಲೆ ಸುಳ್ಳೂ ಹೇಳುತ್ತಾಳೆ ಎಂದುಕೊಂಡು ಮುದುಕಮ್ಮ ಇನ್ನಷ್ಟು ಸಿಟ್ಟಾದಳು.

ನಿಜ ಹೊರಗೆ ಬಿದ್ದದ್ದು ಅಫ್ಸಾನಾಳಿಂದ. ಅದೇ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಹುಡುಗಿ, ದಿನಾಲೂ ಐಶ್ವರ್ಯಳ ಸ್ಕೂಟಿಯ ಹಿಂದೆ ಕೂತು ಬರುವವಳು. ಒಂದು ಸಂಜೆ ಇಬ್ಬರೂ ಮನೆಗೆ ಬಂದಾಗ ಅಫ್ಸಾನಾಳ ಮುಖ ಬಿಳಚಿಕೊಂಡಿತ್ತು.

"ಅವ್ವಾರ, ಇವತ್ತ ಎಡಗಡಿಯಿಂದ ಕುರಿ ಹಿಂಡು ರೋಡಿಗೆ ಬಂತು. ಹತ್ತಿಪ್ಪತ್ತಲ್ರಿ, ಒಂದು ದೊಡ್ಡ ಹಿಂಡು. ನಾ ಚೀರಿದೆ, ಅದಕ್ಕ ಬ್ರೇಕ್ ಹಾಕಿದ್ಲು. ಹಿಂಡು ಮುಂದ ಬಂದು ನಿಂತ ಮ್ಯಾಲೆ 'ಎಲ್ಲಿಂದ ಬಂದ್ವು ಇವು' ಅಂತ ಕೇಳ್ತಾಳ. ಈಕಿ ಕಣ್ಣು ತೋರಸ್ರಿ. ನನ್ನಾಣಿ, ತಡಾ ಮಾಡಬ್ಯಾಡ್ರಿ."

ಕೊಪ್ಪಳದ ಡಾಕ್ಟರು ಕಣ್ಣಿಗೆ ಔಷಧ ಹಾಕಿ, ಬೆಳಕು ಬಿಟ್ಟು ನೋಡಿ, ಹುಬ್ಬಳ್ಳಿಗೆ ಬರೆದುಕೊಟ್ಟರು. ಹುಬ್ಬಳ್ಳಿಗೆ ತಾಯಿ ಮಗಳು ಇಬ್ಬರೇ ಹೋದರು. ಅಂಗಡಿ ಬಿಟ್ಟು ಬರಲು ಆಗುವುದಿಲ್ಲ ಅಂದ ಅಂದಪ್ಪ. ಆಸ್ಪತ್ರೆಯಲ್ಲಿ ಐಶ್ವರ್ಯಳನ್ನು ಒಂದು ಮಷಿನ್ನಿನ ಮುಂದೆ ಕೂಡಿಸಿ, ನಡುವಿನ ಚುಕ್ಕೆಯನ್ನೇ ನೋಡುತ್ತಿರು, ಅತ್ತಿತ್ತ ಬೆಳಕು ಮಿಣುಕಿದರೆ ಗುಂಡಿ ಒತ್ತು ಎಂದರು. ಮುದುಕಮ್ಮ ಬಾಗಿಲ ಹತ್ತಿರ ನಿಂತಿದ್ದಳು. ಮಗಳು ಬಹಳ ಹೊತ್ತು ಗುಂಡಿ ಒತ್ತಲೇ ಇಲ್ಲ. ಕೊನೆಗೆ, "ಮಷಿನ್ ಬಂದ್ ಆಗೈತೇನ್ರಿ?" ಎಂದು ಕೇಳಿದಳು. ಅಲ್ಲಿದ್ದ ನರ್ಸು ಮುದುಕಮ್ಮನ ಕಡೆ ನೋಡಿದಳು. ಆ ನೋಟದಲ್ಲೇ ತಾಯಿಗೆ ಅರ್ಧ ತಿಳಿಯಿತು.

ಡಾಕ್ಟರು ನಡುವಯಸ್ಸಿನ ಹೆಣ್ಣುಮಗಳು. ಸಾವಕಾಶ ಕೂತು ಹೇಳಿದರು. ರೋಗದ ಹೆಸರು ರೆಟಿನೈಟಿಸ್ ಪಿಗ್ಮೆಂಟೋಸಾ. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಸವೆಯುತ್ತ ಬರುತ್ತದೆ. ಮೊದಲು ಮಬ್ಬಿನಲ್ಲಿ ಕಾಣುವುದಿಲ್ಲ, ಆಮೇಲೆ ಪಕ್ಕದ್ದು ಕಾಣುವುದಿಲ್ಲ. ನಡುವಿನ ನೋಟ ಬಹಳ ವರ್ಷ ಉಳಿಯಬಹುದು, ಓದು ಬರಹಕ್ಕೆ ಸದ್ಯಕ್ಕೆ ಅಡ್ಡಿಯಿಲ್ಲ. ಹೋದದ್ದನ್ನು ಮರಳಿ ತರುವ ಔಷಧ ತಮ್ಮ ಕೈಯಲ್ಲಿ ಇಲ್ಲ. ವರ್ಷಕ್ಕೊಮ್ಮೆ ಬಂದು ತೋರಿಸಬೇಕು. ಗಾಡಿ ಮಾತ್ರ ಇವತ್ತಿನಿಂದಲೇ ಬಿಡಬೇಕು.

"ಕೊಳವಿಯೊಳಗಿಂದ ನೋಡಿದ್ಹಂಗ ಕಾಣಸ್ತದಲ್ಲ?" ಎಂದು ಡಾಕ್ಟರು ಕೇಳಿದರು.

ಐಶ್ವರ್ಯ ಅಂದಳು: "ಎಲ್ಲಾರಿಗೂ ಇಷ್ಟ ಕಾಣಸ್ತದ ಅಂತ ತಿಳಿದಿದ್ದೆರಿ. ಸಣ್ಣಾಕಿ ಇದ್ದಾಗ ಆಕಾಶದಾಗ ಚುಕ್ಕಿ ತೋರಸ್ತಿದ್ರು. ನಾನೂ ಹೂಂ ಅಂತಿದ್ದೆ. ಒಂದೂ ಕಂಡದ್ದಿಲ್ಲ."

ಮುದುಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಂಗಳದಲ್ಲಿ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಚುಕ್ಕಿ ತೋರಿಸಿದವಳು ಆಕೆಯೇ.

"ಮನ್ಯಾಗ ಮತ್ಯಾರಿಗಾದ್ರೂ ಹಿಂಗ ಇತ್ತೇನು? ಅಪ್ಪಗ, ಅಜ್ಜಗ?" ಡಾಕ್ಟರು ಮತ್ತೆ ಕೇಳಿದರು.

"ಯಾರಿಗೂ ಇಲ್ರಿ," ಅಂದಳು ಮುದುಕಮ್ಮ.

ಬಸ್ಸಿನಲ್ಲಿ ಮರಳುವಾಗ ಮಗಳು ಅಳಲಿಲ್ಲ. ಕಿಡಕಿಯ ಕಡೆ ಮುಖ ಮಾಡಿ ಕೂತಿದ್ದವಳು ಯಲಬುರ್ಗಾ ಹತ್ತಿರ ಬಂದಾಗ, "ಸ್ಕೂಟಿ ಅಫ್ಸಾನಾಗ ಕೊಡ್ತೀನಿ. ಆಕಿ ಹೊಡೀಲಿ, ನಾ ಹಿಂದ ಕೂಡ್ತೀನಿ" ಎಂದಳು. ಆಮೇಲೆ, "ಸೋಮವಾರ ಸಾಲ್ಯಾಗ ಎಲ್ಲಾರಿಗೂ ಹೇಳಿಬಿಡ್ತೀನಿ" ಎಂದಳು. ಯಾರಾದರೂ ಕೇಳಿಸಿಕೊಂಡರೇ ಎಂದು ಮುದುಕಮ್ಮ ಸುತ್ತಲಿನ ಸೀಟುಗಳ ಕಡೆ ನೋಡಿದಳು. ಮದುವೆಯಾಗದ ಮಗಳು. ಹೇಳುವುದೆಂದರೇನು!

ಮರುದಿನ ರವಿವಾರ ಮಧ್ಯಾಹ್ನ, ಊಟವಾದ ಮೇಲೆ, ಐಶ್ವರ್ಯ ಅಪ್ಪನಿಗೆ ಎಲ್ಲ ಹೇಳಿದಳು. ಹಾಳೆಯ ಮೇಲೆ ದೊಡ್ಡ ಚೌಕ ಎಳೆದು, ನಡುವೆ ಸಣ್ಣ ವರ್ತುಳ ಬರೆದು, "ಇಷ್ಟ ಕಾಣಸ್ತದಪ್ಪಾ ನನಗ" ಎಂದು ತೋರಿಸಿದಳು. ಅಂದಪ್ಪ ಆ ವರ್ತುಳವನ್ನೇ ನೋಡುತ್ತ ಕೂತ.

"ಸಾಲ್ಯಾಗ ಹೇಳಬ್ಯಾಡ," ಎಂದ ಕೊನೆಗೆ. "ಯಾರ ಮುಂದೂ ಹೇಳಬ್ಯಾಡ."

"ಹೇಳದಿದ್ರ ಹೆಂಗಪ್ಪಾ? ಆಗಲೇ ನನ್ನ ಸೊಕ್ಕಿನಾಕಿ ಅನ್ನಾಕ ಹತ್ಯಾರ."

"ಅನ್ನಲಿ. ಸೊಕ್ಕಿನಾಂವ ಅನ್ನಿಸ್ಕೊಂಡು ಬಾಳಬಹುದವಾ. ಅಯ್ಯೋ ಪಾಪ ಅನ್ನಿಸ್ಕೊಂಡು ಬಾಳಾಕ ಆಗೂದಿಲ್ಲ. ಸಂಜೀಕ ಹೊರಗ ಹೋಗಬ್ಯಾಡ, ಗ್ವಾಡಿ ಹಿಡದು ಕೂಡು, ಯಾರರ ಕರದ್ರ ಮೊದಲ ಧ್ವನಿ ಗುರ್ತು ಹಿಡಿ, ಆಮ್ಯಾಲೆ ಹೊಳ್ಳು. ಯಾರಿಗೂ ಗೊತ್ತಾಗೂದಿಲ್ಲ. ನಾ ಹೇಳಿಕೊಡ್ತೀನಿ."

ಹೇಳಿ ಮುಗಿಸಿದ ಮೇಲೆ ತಾನೇನು ಹೇಳಿದೆ ಎಂಬುದು ಅವನಿಗೇ ತಿಳಿಯಿತು.

ಮುದುಕಮ್ಮ ಎದ್ದು ಗಂಡನ ಎಡಪಕ್ಕಕ್ಕೆ ಬಂದು ನಿಂತಳು. ಕೈ ಚಾಚಿದಳು. ಅವನ ಕಣ್ಣು ಮಿಸುಕಲಿಲ್ಲ. ಇನ್ನೂ ಮುಂದಕ್ಕೆ ಚಾಚಿದಳು. ಇಲ್ಲ.

"ನಮ್ಮ ಮರಿಸ್ವಾಮಿ ಲಗ್ನದಾಗ," ಅಂದಳು. "ಅಂವ ತಟ್ಟಿ ಹಿಡಕೊಂಡು ನಿಂತಿದ್ದ."

"ನನಗ ಕಾಣಲಿಲ್ಲ," ಅಂದ ಅಂದಪ್ಪ.

ಮೂವತ್ತು ವರ್ಷ ತಡವಾಗಿ ಬಂದ ಮಾತು. ಮುದುಕಮ್ಮನಿಗೆ ಮೊದಲು ಬಂದದ್ದು ದುಃಖ ಅಲ್ಲ, ಸಿಟ್ಟು. ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ತವರುಮನೆ ದೂರಾದದ್ದು, ಬೀಗರ ಮುಂದೆ ತಲೆ ತಗ್ಗಿಸಿದ್ದು, ದೀಪಾವಳಿಯ ಬಜಾರಕ್ಕೆ ಒಬ್ಬಳೇ ಹೋದದ್ದು, ಜಾತ್ರೆ ನಾಟಕ ಯಾವುದಕ್ಕೂ ಕರೆದೊಯ್ಯದ ಗಂಡನನ್ನು ಒಳಗೊಳಗೇ ಶಪಿಸಿದ್ದು ಎಲ್ಲ ನೆನಪಾಯಿತು. ಒಂದು ಮಾತು ಹೇಳಿದ್ದರೆ ಕೈ ಹಿಡಿದು ನಡೆಸುತ್ತಿದ್ದೆನಲ್ಲ! ಸಂಜೆಯವರೆಗೆ ಆಕೆ ಗಂಡನ ಜೊತೆ ಮಾತಾಡಲಿಲ್ಲ. ಮಾತಾಡಿದಾಗ ಕೇಳಿದ್ದು ಒಂದೇ:

"ಅಷ್ಟು ವರ್ಷ ಒಬ್ಬರ ಹೆಂಗ ನಡಸಿದ್ರಿ?"

ಮರುದಿನ ಮುಂಜಾನೆ ಮುದುಕಮ್ಮ ಅಂಗಳಕ್ಕೆ ನೀರು ಹೊಡೆಯುತ್ತಿದ್ದಾಗ ಉತ್ತರ ಕಣ್ಣಿಗೆ ಬಿತ್ತು. ಅಪ್ಪ ಮಗಳು ಓಣಿಯಲ್ಲಿ ನಡೆಯುತ್ತಿದ್ದರು.

"ಹೊಲಾ ಕಾಯೋರು ನೋಡ್ತಾರಲ್ಲ, ಹಂಗ. ಎಡಕ್ಕ, ನೆಟ್ಟಗ, ಬಲಕ್ಕ. ತಲಿ ಹೊಳ್ಳಸ್ಕೋತ ಹೋಗು. ಕಾಲಾಗಿನ ನೆಲಾ ನೋಡಬ್ಯಾಡ, ಮುಂದಿನ ನೆಲಾ ನೋಡು, ಕಾಲು ಬರೂದ್ರಾಗ ನೆಪ್ಪಿರ್ತೈತಿ. ಈಗ ಗಟಾರ ಬಂತು. ವಾಸನಿ ಬಂತಿಲ್ಲ? ಕಣ್ಣಿಗಿಂತ ಮೊದಲ ಮೂಗು ಹೇಳ್ತೈತಿ."

"ಅಂಗಡ್ಯಾಗ ಗಿರಾಕಿ ಬಂದದ್ದು ಹೆಂಗ ಗೊತ್ತಾಗ್ತಿತ್ತಪ್ಪಾ?"

"ಬಾಗಲದಾಗ ಬೆಳಕು ಕಡಿಮಿ ಆಗ್ತೈತಿ. ಚಪ್ಪಲಿ ಬಿಡೋ ಸಪ್ಪಳ ಕೇಳತೈತಿ. ಗಾದಿ ಮ್ಯಾಲೆ ಎದುರಿಗೆ ಕೂಡಸ್ತೀನಿ, ಪಕ್ಕಕ್ಕ ಯಾರನ್ನೂ ಕೂಡಸೂದಿಲ್ಲ."

"ಇಷ್ಟೆಲ್ಲಾ ಮಾಡೋ ಬದಲು 'ಕಾಣೂದಿಲ್ಲ' ಅಂದ್ರ ಮುಗೀತಿತ್ತಲ್ಲ."

"ಆ ಒಂದು ಮಾತು ಭಾಳ ಭಾರ ಇತ್ತವಾ," ಅಂದ ಅಂದಪ್ಪ.

ಕೈಯಲ್ಲಿ ನೀರಿನ ಚರಿಗೆ ಹಿಡಿದು ನಿಂತ ಮುದುಕಮ್ಮನಿಗೆ ಆ ಹೊತ್ತು ತನ್ನ ಗಂಡನನ್ನು ಹೊಸದಾಗಿ ನೋಡಿದಂತಾಯಿತು. ಈ ಮನುಷ್ಯ ಕಣ್ಣ ಅಂಚಿನಲ್ಲಿ ಕತ್ತಲೆ ಇಟ್ಟುಕೊಂಡು ಅಂಗಡಿ ನಡೆಸಿದ್ದ, ಮಗಳನ್ನು ಓದಿಸಿದ್ದ, ಒಂದು ದಿನವೂ ಬಿದ್ದು ಯಾರ ಕೈಲೂ ಎತ್ತಿಸಿಕೊಂಡಿರಲಿಲ್ಲ. ಊರು ಸೊಕ್ಕು ಎಂದದ್ದು ಎಷ್ಟು ದೊಡ್ಡ ದುಡಿಮೆ! ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆದರೆ ಅದರ ಪಕ್ಕದಲ್ಲೇ ಒಂದು ಹೆಮ್ಮೆ ಬಂದು ಕೂತಿತು.

ಐಶ್ವರ್ಯ ಅಪ್ಪನ ಪಾಠ ಅಷ್ಟೂ ಕಲಿತಳು, ಬಾಯಿ ಮುಚ್ಚಿಕೊಂಡಿರುವ ಪಾಠ ಒಂದನ್ನು ಬಿಟ್ಟು. ಸಾಲೆಯಲ್ಲಿ ಏನಾಯಿತೆಂಬುದನ್ನು ಅಫ್ಸಾನಾ ಮನೆಗೆ ಬಂದು, ಚಹಾ ಆರುವವರೆಗೆ ವರ್ಣಿಸಿದಳು.

"ಪ್ರಾರ್ಥನಾದಾಗ ನಿಂತು ಹೇಳಿಬಿಟ್ಲು ಅವ್ವಾರ. ಕಾಗದ ನೋಡಲಿಲ್ಲ, ಧ್ವನಿ ನಡುಗಲಿಲ್ಲ. 'ನನ್ನ ಕ್ಲಾಸಿನ್ಯಾಗ ಇನ್ನ ಮ್ಯಾಲೆ ಕೈ ಎತ್ತಬ್ಯಾಡ್ರಿ, ಹೆಸರು ಹೇಳ್ರಿ. ಬ್ಯಾಗು ನಡು ದಾರ್ಯಾಗ ಇಡಬ್ಯಾಡ್ರಿ. ಮೂಲ್ಯಾಗ ಕೂತು ಚೇಷ್ಟೆ ಮಾಡಿದ್ರ ಕಾಣೂದಿಲ್ಲ ಅಂತ ತಿಳೀಬ್ಯಾಡ್ರಿ, ನನ್ನ ಕಿವಿ ಮಸ್ತ್ ಅದಾವ' ಅಂದ್ಲು. ಹುಡುಗ್ರು ನಕ್ಕವು. ಹೆಡ್ಮಾಸ್ತರ್ರು ಪಾಪ, ಕಣ್ಣಾಗ ನೀರು ತಂದ್ರು. ಈಕಿ ಅವ್ರಿಗೇ ಸಮಾಧಾನ ಮಾಡಿದ್ಲು. ಈಗ ಸಾಲ್ಯಾಗ ಎಲ್ಲಾ ಕ್ಲಾಸಿನ್ಯಾಗೂ ಹೆಸರು ಹೇಳಾಕ ಹತ್ಯಾವ, ನನ್ನ ಕ್ಲಾಸಿನ್ಯಾಗೂ. ಗದ್ದಲ ಅಂದ್ರ ಗದ್ದಲ!"

ಮುದುಕಮ್ಮ ನಕ್ಕಳು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು.

ಆದರೂ ಆಕೆಯ ಎದೆಯೊಳಗೆ ಒಂದು ಅಳುಕು ಉಳಿದೇ ಇತ್ತು. ಹುಬ್ಬಳ್ಳಿಯಲ್ಲಿ ಕೋಲು ಹಿಡಿದು ನಡೆಯುವ ತರಬೇತಿ ಪಡೆದು ಬಂದ ಐಶ್ವರ್ಯ ಮಡಚುವ ಬಿಳಿ ಕೋಲೊಂದನ್ನು ತಂದಾಗ ಆ ಅಳುಕು ಬಾಯಿಗೆ ಬಂತು. "ಹುಬ್ಬಳ್ಳ್ಯಾಗ ಹಿಡಿ, ಕೊಪ್ಪಳದಾಗ ಹಿಡಿ. ಊರಾಗ ಬ್ಯಾಡವಾ. ಗಂಡಿನ ಕಡಿಯವ್ರು ನಾಳಿ..."

"ಗಂಡಿನ ಕಡಿಯವ್ರಿಗೆ ಮೊದಲನೇ ಮಾತು ಇದ ಹೇಳೂದು," ಅಂದಳು ಮಗಳು. "ಕೇಳಿ ಎದ್ದು ಹೋಗಾವ್ರು ಚಹಾ ಕುಡಿಯೋಕಿಂತ ಮೊದಲ ಹೋಗಲಿ. ಅವ್ವಾ, ಅಪ್ಪ ಹೇಳಲಿಲ್ಲ ಅಂತ ನೀ ಸಿಟ್ಟಾದಿ. ಈಗ ನನಗ ಹೇಳಬ್ಯಾಡ ಅಂತಿ."

ಆ ದಿನವೇ ಮುದುಕಮ್ಮ ಗಂಡನಿಗೆ, "ನಡೀರಿ, ಗಂಗಾವತಿಗೆ ಹೋಗೂನು" ಅಂದಳು.

ಅಂದಪ್ಪ ಅಷ್ಟರಲ್ಲಿ ತಾನೂ ಒಮ್ಮೆ ಹುಬ್ಬಳ್ಳಿಗೆ ಹೋಗಿ ಬಂದಿದ್ದ. ಮಗಳದೇ ರೋಗ, ಇನ್ನೂ ಬಲಿತದ್ದು ಎಂದು ಅದೇ ಡಾಕ್ಟರು ಹೇಳಿದ್ದರು. ಆದರೆ ಗಂಗಾವತಿ ಎಂದಾಗ ಅವನ ಮುಖ ಸಣ್ಣದಾಯಿತು. "ಇಷ್ಟು ವರ್ಷದ ಮ್ಯಾಲೆ ಏನಂತ ಹೋಗೂದು?" ಎಂದ. "ನಾ ಅದೀನಿ, ನಡೀರಿ," ಅಂದಳು ಮುದುಕಮ್ಮ.

ಕೊಪ್ಪಳದಲ್ಲಿ ಬಸ್ಸು ಬದಲಿಸಿ ಗಂಗಾವತಿ ದಾರಿ ಹಿಡಿದಾಗ ಕಪ್ಪು ಎರಿ ಹೊಲಗಳು ಹಿಂದೆ ಉಳಿದು ಕಾಲುವೆಯ ಹಸಿರು ಶುರುವಾಯಿತು. ನಾಟಿ ಮಾಡಿದ ಗದ್ದೆಗಳು. ಕಿಡಕಿಯ ಹತ್ತಿರ ಗಂಡನನ್ನು ಕೂಡಿಸಿ, "ತಲಿ ಹೊಳ್ಳಸ್ರಿ, ನೋಡ್ರಿ" ಎಂದು ಮುದುಕಮ್ಮ ತೋರಿಸುತ್ತ ಹೋದಳು. ಇಬ್ಬರೂ ಹೀಗೆ ಜೋಡಿಯಾಗಿ ಊರು ಬಿಟ್ಟು ಎಷ್ಟು ಕಾಲವಾಗಿತ್ತೋ.

ಮರಿಸ್ವಾಮಿ ಅಕ್ಕಿ ಗಿರಣಿಯ ವ್ಯಾಪಾರದಲ್ಲಿ ಗಟ್ಟಿಯಾಗಿ ನಿಂತ ಮನುಷ್ಯ. ಬಾಗಿಲಲ್ಲಿ ಅಕ್ಕನನ್ನು ಕಂಡು ಮುಖ ಅರಳಿತು, ಹಿಂದೆ ಮಾವನನ್ನು ಕಂಡು ಬಿಗಿಯಿತು. ಮನೆಗೆ ಬಂದವರನ್ನು ಹೊರಗೆ ನಿಲ್ಲಿಸುವಂತಿಲ್ಲ. ಒಳಗೆ ಕರೆದ, ಕುರ್ಚಿ ಹಾಕಿಸಿದ, ತಾನೇ ನೀರು ತಂದ. ಅಂದಪ್ಪನ ಬಲಪಕ್ಕದಲ್ಲಿ ನಿಂತು ತಂಬಿಗೆ ಚಾಚಿದ.

ಅಂದಪ್ಪ ಗೋಡೆಯ ಕಡೆ ನೋಡುತ್ತ ಕೂತೇ ಇದ್ದ.

ತಂಬಿಗೆ ಹಿಡಿದ ಕೈ ಅಲ್ಲೇ ನಿಂತಿತು. ಮುದುಕಮ್ಮ ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಅಂದಪ್ಪನೇ ಮಾತಾಡಿದ.

"ಮರಿಸ್ವಾಮಿ, ನೀ ಏನರ ಕೈ ಚಾಚಿದ್ರ ಬಾಯಿಲೆ ಹೇಳಪಾ. ಪಕ್ಕದ್ದು ನನಗ ಕಾಣೂದಿಲ್ಲ. ನಿನ್ನ ಲಗ್ನದಾಗೂ ಕಾಣಲಿಲ್ಲ. ಇದು ಸಣ್ಣಂದಿನಿಂದ ಬಂದ ಕಣ್ಣಿನ ರೋಗ. ನನ್ನ ಮಗಳಿಗೂ ಬಂದೈತಿ. ಆಕಿ ಊರ ಮುಂದ ಹೇಳಿದ್ಲು. ಆಕಿ ಹೇಳಿದ ಮ್ಯಾಲೆ ನಾ ಸುಮ್ಮನ ಇರೂದು ಛಲೋ ಅಲ್ಲ ಅನಿಸ್ತು."

ಚಾಚಿದ ಕೈಯನ್ನು ಮರಿಸ್ವಾಮಿ ಹಿಂದಕ್ಕೆ ತೆಗೆದುಕೊಂಡ.

"ಮಾವಾ, ಆವತ್ತ ಒಂದು ಮಾತು ಹೇಳಿದ್ರ..."

"ಹೇಳಿದ್ರ ನಿಮ್ಮಪ್ಪ ತನ್ನ ಮಗಳನ್ನ ಹೊಳ್ಳಿ ಕರಕೊಂಡು ಹೋಗ್ತಾನ ಅಂತ ಅಂಜಿದ್ನಿ. ಲಗ್ನಾಗಿ ವರ್ಷ ಆಗಿತ್ತು ಅಷ್ಟ. ಆಮ್ಯಾಲೆ ಹೇಳಾಕ ಹೊತ್ತ ಸಿಗಲಿಲ್ಲ."

ಮುದುಕಮ್ಮನಿಗೆ ಇದು ಹೊಸದು. ಗಂಡ ತನಗೂ ಹೇಳಿರದ ಮಾತು. ಆಕೆ ಗದರಿದಳು: "ಯಾರು ಕರದ್ರೂ ನಾ ಹೋಗ್ತಿದ್ದಿಲ್ಲ. ನನ್ನ ಏನಂತ ತಿಳಿದಿದ್ರಿ ನೀವು?"

ಮರಿಸ್ವಾಮಿ ಮಾವನ ಎದುರಿಗೆ ಬಂದು, ಮಂಡಿಯೂರಿ ಕೂತು, "ನೀರು ತಗೋರಿ ಮಾವಾ" ಎಂದು ತಂಬಿಗೆಯನ್ನು ಕೈಯೊಳಗೆ ಇಟ್ಟ. ಅಂದು ಅವರನ್ನು ಬಿಡಲಿಲ್ಲ. ಮರುದಿನ ತಾನೇ ಕಾರಿನಲ್ಲಿ ಯಲಬುರ್ಗಾಕ್ಕೆ ಬಿಟ್ಟು, ಅಕ್ಕನ ಮಗಳ ಬಿಳಿ ಕೋಲನ್ನು ಕೈಯಲ್ಲಿ ಹಿಡಿದು, ಬಿಚ್ಚಿ, ಮಡಚಿ, ಮತ್ತೆ ಬಿಚ್ಚಿ, "ಗಟ್ಟಿ ಐತಿ ಬಿಡು" ಎಂದು ಹೇಳಿ ಹೋದ.

ಆಮೇಲೆ ಒಂದು ಮಧ್ಯಾಹ್ನ ಕರಿಯವ್ವ ಬಾಗಿಲಿಗೆ ಬಂದಳು. ಊರಿಗೆಲ್ಲ ಸುದ್ದಿ ತಿಳಿದಿತ್ತು. "ಅಯ್ಯೋ ಪಾಪ, ಬಂಗಾರದಂಥ ಕೂಸಿಗೆ ಹಿಂಗ ಆಗಬಾರದಿತ್ತವಾ" ಎಂದು ರಾಗ ಎಳೆದಳು. ಮುದುಕಮ್ಮ ಕಾಳು ಹಸನು ಮಾಡುತ್ತಿದ್ದವಳು ತಲೆ ಎತ್ತಿದಳು.

"ಪಾಪ ಅನಬ್ಯಾಡ ಕರಿಯವ್ವಾ. ಬೇಕಾದ್ರ ಸೊಕ್ಕಿನಾಕಿ ಅನ್ನು, ನಡೀತೈತಿ. ಆಕಿ ದುಡೀತಾಳ, ನಡೀತಾಳ, ತಲಿ ಎತ್ತಿ ಮಾತಾಡ್ತಾಳ. ಅದಕ್ಕ ಪಾಪ ಅನ್ನೂದಿಲ್ಲ."

ಕರಿಯವ್ವ ತಬ್ಬಿಬ್ಬಾದಳು. ಕೂತು ಒಂದು ಹಿಡಿ ಕಾಳು ತಾನೂ ಹಸನು ಮಾಡಿ ಎದ್ದು ಹೋದಳು.

ಚಳಿಗಾಲ ಬಂತು. ಹೊತ್ತು ಬೇಗ ಮುಳುಗತೊಡಗಿತು. ಅಫ್ಸಾನಾ ತಂಗಿಯ ನಿಶ್ಚಿತಾರ್ಥಕ್ಕೆಂದು ರಜೆ ಹಾಕಿದ್ದ ದಿನ ಐಶ್ವರ್ಯ ಬಸ್ಸಿನಲ್ಲಿ ಬರಬೇಕಾಯಿತು. ಸಾಲೆಯಿಂದಲೇ ಫೋನು ಮಾಡಿದಳು: "ಬಸ್ ಲೇಟ್ ಆಗೈತಿ, ಕತ್ತಲಾಗ್ತೈತಿ. ಯಾರೂ ಸ್ಟ್ಯಾಂಡಿಗೆ ಬರಬ್ಯಾಡ್ರಿ. ನಾ ಒಬ್ಬಾಕಿನ ಬರ್ತೀನಿ."

ಮುದುಕಮ್ಮ ಚಪ್ಪಲಿ ಹಾಕಿಕೊಂಡವಳು ಬಿಚ್ಚಿದಳು. ಮತ್ತೆ ಹಾಕಿಕೊಂಡಳು. ಮತ್ತೆ ಬಿಚ್ಚಿದಳು. ಕೊನೆಗೆ ಗಂಡ ಹೆಂಡತಿ ಇಬ್ಬರೂ ಮನೆಯ ಮುಂದಿನ ಕಟ್ಟೆಯ ಮೇಲೆ ಬಂದು ಕೂತರು. ಓಣಿ ನೇರ ಇತ್ತು, ತುದಿಯವರೆಗೂ ಕಾಣುತ್ತಿತ್ತು, ಕಾಣುವವರಿಗೆ. ಬೀದಿ ದೀಪಗಳು ಹತ್ತಿದವು.

ಓಣಿಯ ತುದಿಯಲ್ಲಿ ಬಿಳಿ ಕೋಲು ಮೊದಲು ಕಂಡಿತು, ಆಮೇಲೆ ಮಗಳು.

"ಬಂದ್ಲು," ಅಂದಳು ಮುದುಕಮ್ಮ.

ಅಂದಪ್ಪ ಬೆನ್ನು ನೆಟ್ಟಗೆ ಮಾಡಿ ಕೂತ. "ಎಲ್ಲೀ ತನಕ ಬಂದ್ಲು?"

"ಹಿಟ್ಟಿನ ಗಿರಣಿ ಕಡೆ ಅದಾಳ. ಕೋಲು ಎಡಕ್ಕ ಬಲಕ್ಕ ಆಡಸ್ಕೋತ ಬರಾಕ ಹತ್ಯಾಳ. ನೀವು ಹೇಳಿದ್ಹಂಗ ತಲೀನೂ ಹೊಳ್ಳಸ್ತಾಳ."

"ಸಾವಕಾಶ ಬರಾಕ ಹತ್ಯಾಳಿಲ್ಲ?"

"ನನಗಿಂತ ಜೋರ ನಡೀತಾಳ. ಈಗ... ಎಮ್ಮಿ ಒಂದು ಅಡ್ಡ ನಿಂತೈತಿ."

ಅಂದಪ್ಪ ಕಟ್ಟೆಯ ಅಂಚು ಹಿಡಿದ. ಮುದುಕಮ್ಮ ಅವನ ಕೈಯ ಮೇಲೆ ಕೈಯಿಟ್ಟಳು. ಎದ್ದು ಓಡಬೇಕೆಂಬ ತನ್ನ ಕಾಲುಗಳನ್ನು ತಡೆದು ಹಿಡಿದಳು.

"ನಿಂತ್ಲು. ಕೋಲಿನ ತುದಿ ತಾಗಿತು. ಎಮ್ಮಿ ಬೆನ್ನ ಮ್ಯಾಲೆ ಕೈಯಿಟ್ಟು ಸರಸಾಕ ಹತ್ಯಾಳ ನೋಡ್ರಿ... ಸರೀತು. ಈಗ ಯಾರೋ ಹೆಣಮಗಳು ಏನೋ ಕೇಳಿದ್ಲು. ಈಕಿ ನಿಂತು ಮಾತಾಡ್ಸಿದ್ಲು. ನಕ್ಕಳು. ಹೊಂಟ್ಲು."

"ನಕ್ಕಳಾ?"

"ಹೂಂ. ಜೋರ ನಕ್ಕಳು."

ಈಗ ಕೋಲಿನ ಸಪ್ಪಳ ಅಂದಪ್ಪನಿಗೂ ಕೇಳತೊಡಗಿತು. ಫರಸಿಕಲ್ಲಿನ ಮೇಲೆ ಟಕ್, ಮಣ್ಣಿನ ಮೇಲೆ ಮೆತ್ತಗೆ, ಮತ್ತೆ ಟಕ್. ಅವನ ಮುಖ ಆ ಸಪ್ಪಳದ ಜೊತೆಗೇ ಹೊರಳುತ್ತಿತ್ತು. ಮುದುಕಮ್ಮ ವಿವರಿಸುವುದನ್ನು ನಿಲ್ಲಿಸಿದಳು.

ಐಶ್ವರ್ಯ ಕಟ್ಟೆಯ ಹತ್ತಿರ ಬಂದು, ಕೋಲು ಮಡಚಿ ಬ್ಯಾಗಿಗೆ ಹಾಕಿ, ಅಲ್ಲಿ ಕೂತವರ ಉಸಿರಿಗೇ ಗುರುತು ಹಿಡಿದಳು.

"ಇಬ್ಬರೂ ಹೊರಗ ಕೂತೀರಲ್ಲ ಈ ಥಂಡ್ಯಾಗ! ಅವ್ವಾ, ಹೊಟ್ಟಿ ಭಾಳ ಹಸದೈತಿ."

"ರೊಟ್ಟಿ ಬಿಸೀದು ಬಡೀತೀನಿ, ನಡಿ," ಎಂದು ಮುದುಕಮ್ಮ ಸೆರಗು ಕೊಡವಿ ಎದ್ದಳು.